ಗಾಡಿಯ ಕಾಲಿಗೆ ಕಟ್ಟಿದ ಕರಿದಾರ

ಸಾಂಗಲಿ ಜಿಲ್ಲೆಯ ನಮ್ಮ ಉಮದಿಯಲ್ಲಿ ಒಂದು ಗಾಡಿಯನ್ನು ನಂಬಬಹುದೋ ಬಾರದೋ ಎಂದು ತೀರ್ಪು ಕೊಡುವವರು ಸಾಮಾನ್ಯವಾಗಿ ಆ ಗಾಡಿಯ ಮೇಲೆ ಒಮ್ಮೆಯೂ ಕೂತವರಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಕೂತವರಿಗೆ ತೀರ್ಪು ಕೊಡುವಷ್ಟು ಪುರುಸೊತ್ತು ಇರುವುದಿಲ್ಲ.

ನಾನು ಅವತ್ತು ಗಾಡಿಯ ಮೇಲೆ ಕೂತವನಲ್ಲ, ಆಮೇಲೆ ತೀರ್ಪು ಕೊಟ್ಟವನೂ ಅಲ್ಲ. ಬರೀ ನೋಡಿದವನು. ಹಳ್ಳದ ಇಳಿಜಾರಿನಲ್ಲಿ ನನ್ನ ಹೆಂಡತಿಯ ಗಾಡಿಯ ಮುಂದಿನ ಗಾಲಿ ತಿರುಗುತ್ತ ತಿರುಗುತ್ತ ಗಪ್ಪನೆ ನಿಂತದ್ದನ್ನು ಹಿಂದಿನಿಂದ ನೋಡಿದವನು. ಇವತ್ತಿಗೂ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಯಾರಾದರೂ ಚೀಲವನ್ನು ನೆಲದ ಮೇಲೆ ಎಳೆದರೆ ನನ್ನ ಕೈ ಅಲ್ಲಿಗೇ ನಿಲ್ಲುತ್ತದೆ. ಹೆಲ್ಮೆಟ್ಟು ಗರಸಿನ ಮೇಲೆ ಜಾರಿದಾಗ ಅಂಥದೇ ಸಪ್ಪಳವಾಗಿತ್ತು. "ಯಾಕ್ರೀ, ಹಂಗ ನಿಂತ್ರಿ?" ಎಂದು ಗಿರಾಕಿ ಕೇಳುತ್ತಾನೆ. ಏನಿಲ್ಲ ಎನ್ನುತ್ತೇನೆ. ಏನಿಲ್ಲ ಅಂದರೆ ಏನು ಎಂಬುದನ್ನು ಬರೆದೇ ಹೇಳಬೇಕು.

ಆ ಗಾಡಿ ಕೊಂಡದ್ದು ಶೋಕಿಗಲ್ಲ. ನನ್ನ ಹೆಂಡತಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕಿ. ಶಾಲೆ ಇರುವುದು ಪಕ್ಕದ ಊರು ಉಟಗಿಯ ಆಚೆ, ಹೊಲಗಳ ನಡುವಿನ ಒಂದು ವಸ್ತಿಯಲ್ಲಿ. ಉಟಗಿಯ ತನಕ ಸರ್ಕಾರಿ ಎಸ್‌ಟಿ ಬಸ್ಸು ಹೋಗುತ್ತದೆ, ತನ್ನ ಮನಸ್ಸಿಗೆ ಬಂದಾಗ. ಅಲ್ಲಿಂದ ಮುಂದೆ ವಡಾಪ ಜೀಪು. ತುಂಬಿದ ಮೇಲೇ ಹೊರಡುವುದು ಅದರ ಧರ್ಮ, ತುಂಬಿತು ಎನ್ನುವುದು ಡ್ರೈವರನ ಮೊಣಕೈ ಆಡಲು ಜಾಗ ಇಲ್ಲದಾದಾಗ. ಅಷ್ಟರಲ್ಲಿ ಮಕ್ಕಳು ತಾವೇ ಪ್ರಾರ್ಥನೆ ಮುಗಿಸಿ, ತಾವೇ ಹಾಜರಿ ಕೂಗಿಕೊಂಡು, ಬಾಯಾರ, ಅಂದರೆ ತಮ್ಮ ಟೀಚರು, ಬರುವ ದಾರಿ ನೋಡುತ್ತ ಗೋಡೆಯ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಸ್ಕೂಟರು ಕೊಂಡೆವು. ದಾರಿಯ ಕಲ್ಲುಗಳು ಅದರ ಹೊಟ್ಟೆಯನ್ನು ಹರಿದವು. ಕೊನೆಗೆ ಅವಳೇ ಆರಿಸಿದ್ದು ಈ ಗಾಡಿ: ಅಡ್ವೆಂಚರ್ ಬೈಕು ಅನ್ನುತ್ತಾರಲ್ಲ, ಗುಡ್ಡ ಹತ್ತುವ, ತೂಕದಲ್ಲಿ ಹಗುರ, ಎತ್ತರದಲ್ಲಿ ಮಾತ್ರ ಒಂಟೆ.

ನಾನು ಬಿಎಸ್ಸಿ ಓದಿದವನು. ಹಾಗಾಗಿ ಕೊಳ್ಳುವ ಮೊದಲು ಸಂಶೋಧನೆ ಮಾಡಿದೆ. ಅಂದರೆ ಬೀಜ ತೂಗುವ ಬಿಡುವಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಹಿಮದಲ್ಲಿ ನಿಂತು ನಡುಗುತ್ತ ಈ ಗಾಡಿ ಕೈ ಬಿಡುವುದಿಲ್ಲ ಎಂದ. ಇನ್ನೊಬ್ಬ ಅದನ್ನು ಬೇಕೆಂತಲೇ ಕೆಸರಿನಲ್ಲಿ ಬೀಳಿಸಿ, ಎತ್ತಿ, ನೋಡಿದಿರಾ ಎಂದ. ನೋಡಿದೆ. ಆದರೆ ಅದನ್ನು ನಮ್ಮ ನಂಟರ ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಒಬ್ಬನೂ ಪರೀಕ್ಷೆ ಮಾಡಿ ತೋರಿಸಿರಲಿಲ್ಲ.

ಗಾಡಿ ಬಂದ ದಿನ ಅಂಗಡಿಯ ಪಕ್ಕದ ಚಹಾದಂಗಡಿಯಿಂದ, ಊರೆಲ್ಲ ಕಾಕಾ ಎಂದು ಕರೆಯುವ ಹಿರಿಯರು ಎದ್ದು ಬಂದರು. ಎಸ್‌ಟಿ ಡ್ರೈವರ್ ಆಗಿ ನಿವೃತ್ತರಾದವರು. ನಮ್ಮ ಊರಿನಲ್ಲಿ ಗಾಲಿ ಇರುವ ಯಾವ ವಸ್ತುವೂ ಅವರ ತೀರ್ಪಿಲ್ಲದೆ ಓಡುವಂತಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಗ್ಗಿದರು.

"ಕಿಕ್ ಎಲ್ಲೈತಿ?"

"ಕಿಕ್ ಇಲ್ರೀ ಕಾಕಾ. ಬಟನ್," ಎಂದೆ.

"ಬ್ಯಾಟರಿ ಸತ್ತರ?"

"ನೂಕೂದು."

"ಈ ಒಂಟಿನ ಯಾರು ನೂಕವರು? ಬಾಯಾರ?" ಚಹಾದಂಗಡಿ ನಕ್ಕಿತು. ಕಾಕಾಗೆ ಹುರುಪು ಬಂತು. "ತಮ್ಮಾ, ಗಾಡಿ ಅಂದ್ರ ಎಮ್ಮಿ ಇದ್ದಂಗ ಇರಬೇಕ ನೋಡು. ಮ್ಯಾಲ ಕುಂತರ ಎರಡೂ ಕಾಲು ನೆಲಕ್ಕ ಹತ್ತಬೇಕು. ಕಾಲು ಹತ್ತಲಾರದ ಗಾಡೀನ ನಂಬಬಾರದು."

ನನ್ನ ಹೆಂಡತಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು, "ಕಾಕಾ, ನೀವು ಜಲ್ಮಪೂರ್ತಿ ಎಸ್‌ಟಿ ಹೊಡದ್ರಿ. ಒಂದ ದಿನಾರ ಕಾಲು ನೆಲಕ್ಕ ಹತ್ತಿತ್ತೇನ್ರಿ?"

ಕಾಕಾ ಚಹಾ ಆರುತ್ತದೆ ಎಂದು ಹೊರಟುಹೋದರು. ಆದರೆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿವೃತ್ತರು ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮನೆಯಲ್ಲಿ ಚಿಂತೆಯೇ ಬೇರೆ. ಅವ್ವನಿಗೆ ಗಾಡಿಯ ಮೇಲೆ ಸಂಶಯವಿರಲಿಲ್ಲ, ಊರಿನ ಕಣ್ಣುಗಳ ಮೇಲಿತ್ತು. "ಅಷ್ಟ ಎತ್ತರದಾಗ ಕುಂತು ಹೆಣ್ಣಮಗಳು ಹೋಗತಾಳಂದ್ರ ಎಲ್ಲಾರ ಕಣ್ಣೂ ಹಾದಿಗುಂಟ ಬೆನ್ನ ಹತ್ತತಾವ," ಎಂದಳು. ದೃಷ್ಟಿಗೆ ಔಷಧ ನಮ್ಮ ದೊಡ್ಡಪ್ಪನ ಹತ್ತಿರ ಇತ್ತು.

ದೊಡ್ಡಪ್ಪ ಇಂದಿಗೂ ಕುರಿ ಕಾಯುತ್ತಾನೆ. ಕುರಿಗಳ ಹಿಂದೆ ನಡೆಯುತ್ತಲೇ ಉಣ್ಣೆ ನೂಲುತ್ತಾನೆ. ಅವನ ಕೈ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಕರಿ ಕುರಿಯ ಮೊದಲ ಕತ್ತರಿಕೆಯ ಉಣ್ಣೆಯಿಂದ ಅವನು ಹೊಸೆದ ದಾರ ನಮ್ಮ ಬಳಗದ ಪ್ರತಿ ಕೂಸಿನ ಕಾಲಿಗೆ, ಪ್ರತಿ ಚೊಚ್ಚಲ ಎಮ್ಮೆಯ ಕಾಲಿಗೆ ಕಟ್ಟಿಕೊಂಡು ಬಂದಿದೆ. ಕಾಲಿಗೇ ಯಾಕೆ ಎಂದರೆ, ದೃಷ್ಟಿ ನೆಲದ ಮೇಲೆ ಬಿದ್ದು ಕಾಲಿನಿಂದ ಏರುತ್ತದಂತೆ. ಅಲ್ಲಿಯೇ ತಡೆದರೆ ಮೇಲಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ದೊಡ್ಡಪ್ಪ ನಮ್ಮ ಕಾಲೇಜಿನ ಪ್ರಾಧ್ಯಾಪಕರಿಗಿಂತ ಸ್ಪಷ್ಟ.

ಗಾಡಿಗೆ ಕಾಲು ಯಾವುದು? ಅವನು ಯೋಚಿಸಿ, ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಕೊಳವೆಗಳನ್ನು ತೋರಿಸಿದ. ಶಾಕಪ್ಪು ಅನ್ನುತ್ತೇವಲ್ಲ, ಅವು. ಅದರ ಬುಡ, ಗಾಲಿಯ ಅಚ್ಚಿನ ಮೇಲ್ಗಡೆ, ಅವನ ಪ್ರಕಾರ ಗಾಡಿಯ ಹರಡು, ಅಂದರೆ ಪಾದದ ಗಂಟು. ಅಲ್ಲಿ ದಾರ ಸುತ್ತಿ, ಗಂಟು ಹಾಕಿ, ತುದಿಗೆ ಕವಡೆ ಪೋಣಿಸಿ, ಒಂದು ಮುಷ್ಟಿ ಗಾತ್ರದ ಗೊಂಡೆ ಬಿಟ್ಟ.

"ಜಗ್ಗಿ ನೋಡ," ಎಂದ ನನಗೆ.

ಜಗ್ಗಿದೆ. ನನ್ನ ಬೆರಳು ಕೆಂಪಾದವು, ದಾರಕ್ಕೆ ಏನೂ ಆಗಲಿಲ್ಲ.

"ಎತ್ತ ಕಟ್ಟಿ ಎಳದ್ರೂ ಹರಿಯೂದಿಲ್ಲ," ಎಂದ ದೊಡ್ಡಪ್ಪ. "ನಿಮ್ಮ ಕಂಪನಿ ಏನ ಗ್ಯಾರಂಟಿ ಕೊಡ್ತೈತಿ? ನಂದು ಜಲ್ಮದ ಗ್ಯಾರಂಟಿ."

ಊರಿನ ಉಳಿದ ಮೋಟರ್‌ಸೈಕಲ್ಲುಗಳಿಗೂ ಇಂಥ ದಾರ ಉಂಟು. ಆದರೆ ಅವುಗಳ ಮಡ್‌ಗಾರ್ಡು ಗಾಲಿಗೆ ಅಂಟಿಕೊಂಡು ಕೂತಿರುತ್ತದೆ. ದಾರ ಒಂದು ಕಡೆ, ಗಾಲಿ ಒಂದು ಕಡೆ. ಈ ಗಾಡಿಯ ಮಡ್‌ಗಾರ್ಡು ಹದ್ದಿನ ಕೊಕ್ಕಿನಂತೆ ಮೇಲೆ, ದೀಪದ ಕೆಳಗೆ. ಗಾಲಿ ಬರಿಮೈಯಲ್ಲಿ ತಿರುಗುತ್ತದೆ. ಗೊಂಡೆಗೂ ಸ್ಪೋಕಿನ ಕಡ್ಡಿಗಳಿಗೂ ನಡುವೆ ಇದ್ದದ್ದು ಬರೀ ಗಾಳಿ.

ಕೆಲ ದಿನಗಳಲ್ಲೇ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿತು. ಬ್ರೇಕು ಜೋರಾಗಿ ಹಿಡಿದಾಗ ಗಾಲಿ ಜಾರದಂತೆ ನೋಡಿಕೊಳ್ಳುವ ಯಂತ್ರವಿದೆಯಲ್ಲ, ಎಬಿಎಸ್ಸು, ಅದರ ದೀಪ. ಸಾಂಗಲಿಯ ಕಡೆ ಸರ್ವಿಸಿಗೆ ಒಯ್ದೆ. ಅಲ್ಲಿಯ ಬಿಳಿ ಅಂಗಿಯ ಸಲಹೆಗಾರ ಕಂಪ್ಯೂಟರು ಹಚ್ಚಿ, ಇಳಿಸಿ, ನಗುತ್ತ ಮರಾಠಿಯಲ್ಲಿ ಹೇಳಿದ: "ಹೇ ನಾರ್ಮಲ್ ಆಹೆ, ಸರ್." ಚೇನು ಕಿರುಗುಟ್ಟುತ್ತದೆ ಎಂದೆ. ನಾರ್ಮಲ್. ಬಿಸಿಲಿಗೆ ಎಂಜಿನ್ನು ಕಾಲು ಸುಡುತ್ತದೆ ಎಂದೆ. ಅದೂ ನಾರ್ಮಲ್. ಆ ಮನುಷ್ಯನ ಮುಂದೆ ಗಾಡಿಗೆ ಬೆಂಕಿ ಹತ್ತಿದರೂ ಚಳಿಗಾಲದಲ್ಲಿ ನಾರ್ಮಲ್ ಎನ್ನುತ್ತಾನೆ. ಗಾಡಿ ತೊಳೆಯುವಾಗ ಅವರು ದಾರ ಬಿಚ್ಚಿ, ನಮ್ಮ ಭಾವನೆಗೆ ನೋವಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ದೀಪ ಆರಿತ್ತು.

ಮನೆಗೆ ಬಂದ ಮೇಲೆ ದೊಡ್ಡಪ್ಪ ದಾರವನ್ನು ಮತ್ತೆ ಕಟ್ಟಿದ, ಮೊದಲಿಗಿಂತ ದಪ್ಪನೆಯದನ್ನು. ದೀಪ ಮತ್ತೆ ಹತ್ತಿತು. ಉಣ್ಣೆಯ ಎಳೆಗಳು, ಪೂಜೆಯ ಭಂಡಾರದ ಅರಿಶಿನ, ಒಡೆದ ಕಾಯಿಯ ನೀರು ಎಲ್ಲ ಸೇರಿ ಗಾಲಿಯ ಹತ್ತಿರದ ಸೆನ್ಸರಿಗೆ ಮೆತ್ತಿಕೊಳ್ಳುತ್ತಿದ್ದವು ಎಂದು ಈಗ ಹೇಳುವುದು ಸುಲಭ. ಆಗ ನಮ್ಮ ಮನೆಯಲ್ಲಿ ಒಪ್ಪಿಗೆಯಾದ ವಿವರಣೆ ಬೇರೆ ಇತ್ತು.

"ಅದು ದೃಷ್ಟಿ," ಎಂದ ದೊಡ್ಡಪ್ಪ, ದೀಪವನ್ನು ಬೆರಳಿನಿಂದ ತೋರಿಸಿ. "ಹಳದಿ ಕಣ್ಣ ಬಿಟ್ಟ ನೋಡಾಕತ್ತೈತಿ ನೋಡು. ದಾರ ಸಾಲವಲ್ದು."

ಹೀಗೆ ದೀಪ ಹತ್ತಿದಾಗಲೆಲ್ಲ ದಾರ ಬೆಳೆಯಿತು, ದಾರ ಬೆಳೆದಾಗಲೆಲ್ಲ ದೀಪ ಹತ್ತಿತು. ಅತ್ತ ಚಹಾದಂಗಡಿಯಲ್ಲಿ ಕಾಕಾ ಪ್ರತಿ ದೀಪವನ್ನೂ ಕಂಪನಿಯ ಪಾಲಿಗೆ ಬರೆದರು. "ನಾ ಅಂದಿದ್ದಿಲ್ಲ? ಶೋ ಭಾಳ, ದಮ್ ಇಲ್ಲ."

ನನ್ನ ಹೆಂಡತಿ ಒಮ್ಮೆ ಹೇಳಿದ್ದುಂಟು. "ಮಾವಾರ, ಅದು ಗಾಲಿಗೆ ಬಡೀತೈತ್ರಿ. ಮ್ಯಾಲ ಹ್ಯಾಂಡಲಿಗೆ ಕಟ್ರಿ."

ದೊಡ್ಡಪ್ಪನಿಗೆ ಮರುಕ ಹುಟ್ಟಿತು. "ಯವ್ವಾ, ಸಾಲಿ ಕಲಸಾಕಿ ನೀ. ಕೂಸಿಗೆ ದಾರ ಕಾಲಿಗೆ ಕಟ್ತಾರೋ, ಕೊಂಬಿಗೆ ಕಟ್ತಾರೋ?"

ಕೂಸಿಗೆ ಕೊಂಬು ಇರುವುದಿಲ್ಲ ಎಂದು ಅವಳು ಹೇಳುವಷ್ಟರಲ್ಲಿ ಅವ್ವ ಅವಳ ಕೈಯಲ್ಲಿ ಊಟದ ಡಬ್ಬಿ ಇಟ್ಟು ಶಾಲೆಗೆ ಹೊತ್ತಾಯಿತೆಂದು ನೆನಪಿಸಿದಳು.

ಆ ಬೆಳಿಗ್ಗೆ ನಾನು ಅವಳ ಹಿಂದೆ ಹೋದದ್ದು ಕಾಳಜಿಗಲ್ಲ. ಅದೇ ವಸ್ತಿಯಲ್ಲಿ ಒಬ್ಬ ಗಿರಾಕಿಯ ದಾಳಿಂಬೆ ಗಿಡಕ್ಕೆ ಚುಕ್ಕೆ ಬಿದ್ದಿತ್ತು, ನೋಡಿ ಔಷಧ ಹೇಳಬೇಕಾಗಿತ್ತು. ಅವಳು ಮುಂದೆ ಎತ್ತರದ ಗಾಡಿಯ ಮೇಲೆ, ನಾನು ಹಿಂದೆ ಎಮ್ಮೆಯಂಥ ನನ್ನ ಹಳೆಯ ಮೋಟರ್‌ಸೈಕಲ್ಲಿನ ಮೇಲೆ. ಹಿಂದಿನ ಸಂಜೆ ಮಳೆ ಹನಿದಿತ್ತು. ಉಟಗಿ ದಾಟಿ, ಜಾಲಿ ಮರಗಳ ನಡುವೆ ಕಲ್ಲಿನ ದಾರಿ. ನನ್ನ ಗಾಡಿ ಪ್ರತಿ ಕಲ್ಲಿಗೂ ನನ್ನ ಬೆನ್ನುಮೂಳೆಗೆ ವರದಿ ಒಪ್ಪಿಸುತ್ತಿತ್ತು. ಅವಳು ಪಾದಾನಿಯ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಹರಿದು ಹೋಗುತ್ತಿದ್ದಳು. ಚಂದ ಕಾಣುತ್ತಿತ್ತು. ಗಾಲಿಯ ಪಕ್ಕದಲ್ಲಿ ಗೊಂಡೆ ಹಾರುತ್ತಿತ್ತು. ಅದೂ ಚಂದವೇ ಕಾಣುತ್ತಿತ್ತು, ಇದನ್ನು ಮಾತ್ರ ನನ್ನಿಂದ ಮರೆಯಲಾಗಿಲ್ಲ.

ಮುಂದೆ ಹಳ್ಳಕ್ಕೆ ಇಳಿಜಾರು. ಇಳಿಜಾರಿನ ಬುಡದಲ್ಲಿ ಫರಸಿ ಪೂಲು, ಅಂದರೆ ಅಂಚಿಗೆ ಗೋಡೆಯಿಲ್ಲದ ಕಾಂಕ್ರೀಟಿನ ಹಾಸು. ಆಚೆ ದಂಡೆಯಿಂದ ಒಂದು ಟ್ರ್ಯಾಕ್ಟರು ಟ್ರ್ಯಾಲಿಯ ತುಂಬ ಗರಸು ಹೇರಿಕೊಂಡು, ಡ್ರೈವರನಿಗೇ ಕಿವಿ ಕೇಳಿಸದಷ್ಟು ಹಾಡು ಹಚ್ಚಿಕೊಂಡು ಪೂಲಿನ ಮೇಲೆ ಬರುತ್ತಿತ್ತು. ಅದಕ್ಕೆ ದಾರಿ ಬಿಡಲೆಂದು ಅವಳು ವೇಗ ಇಳಿಸಿ ಬದಿಗೆ ಸರಿದಳು.

ಆಗ ಗೊಂಡೆ ಕಾಣಲಿಲ್ಲ. ಇತ್ತು, ಇಲ್ಲವಾಯಿತು. ಗಾಲಿ ನಿಂತಿತು. ಹಿಂದಿನ ಗಾಲಿ ನೆಲ ಬಿಟ್ಟು ಎದ್ದಿತು, ನನ್ನ ಹೆಂಡತಿ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಹೋದಳು. ಗಾಡಿ ಎಡಕ್ಕೆ, ಅವಳು ಬಲಕ್ಕೆ. ಹೆಲ್ಮೆಟ್ಟು ಗರಸಿನ ಮೇಲೆ ಜಾರುತ್ತ ಪೂಲಿನ ಬಾಯಿಗೆ ಹೋಯಿತು, ಅದರೊಳಗೆ ಅವಳ ತಲೆ. ಟ್ರ್ಯಾಕ್ಟರಿನವನು ಬ್ರೇಕು ಹತ್ತಿ ನಿಂತ. ಟ್ರ್ಯಾಕ್ಟರು ನಿಂತಿತು, ತುಂಬಿದ ಟ್ರ್ಯಾಲಿ ನಿಲ್ಲಲಿಲ್ಲ. ಅದು ಹಿಂದಿನಿಂದ ನೂಕಿತು. ಮುಂದಿನ ಟಯರು ತಿರುಗದೆಯೇ, ಉಜ್ಜುತ್ತ, ಅವಳ ಕಡೆ ಬಂತು. ಬಂತು, ಬಂತು. ನನ್ನ ನೆನಪಿನಲ್ಲಿ ಅದು ಇನ್ನೂ ಬರುತ್ತಲೇ ಇದೆ. ಅವತ್ತು ಮಾತ್ರ ಹೆಲ್ಮೆಟ್ಟಿಗೆ ಒಂದು ಗೇಣು ಉಳಿಸಿ ನಿಂತಿತು.

ಹಾಡು ನಡೆದೇ ಇತ್ತು. ಯಾವುದೋ ಮದುವೆಯ ಹಾಡು.

ನಾನು ಓಡಿ ಹೋದೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನ್ನ ಕಾಲು ಏಳಲಿಲ್ಲ. ಎರಡೂ ಕಾಲು ನೆಲಕ್ಕೆ ಹತ್ತಿದ್ದವು, ಕಾಕಾ ಬಯಸಿದಂತೆ. ಗಾಡಿಯನ್ನು ತೊಡೆಯ ನಡುವೆ ಹಿಡಿದುಕೊಂಡು ಇಳಿಜಾರಿನ ನೆತ್ತಿಯಲ್ಲಿ ನಿಂತಿದ್ದೆ. ಟ್ರ್ಯಾಕ್ಟರಿನವನು ಜಿಗಿದು ಇಳಿದು, ಎರಡೂ ಕೈ ಮೇಲೆತ್ತಿ, ಬಿದ್ದವಳಿಗೆ ಹೇಳುತ್ತಿದ್ದ: "ಬಾಯಾರ, ನಾ ಏನೂ ಮಾಡಿಲ್ರಿ! ನೀವ ಹಾರಿ ಬಂದ್ರಿ! ದೇವರಾಣಿ, ನೀವ ಬಂದ್ರಿ!"

ಅವಳು ಎದ್ದು ಕೂತಳು. ಹೆಲ್ಮೆಟ್ಟು ತೆಗೆದಳು. ಮಣಿಕಟ್ಟು ಉಬ್ಬಿತ್ತು, ಮೊಣಕಾಲು ತರಚಿತ್ತು. ಡಬ್ಬಿಯ ಬೇಳೆ ಚೀಲದಿಂದ ಸೋರುತ್ತಿತ್ತು. ಮೇಲಕ್ಕೆ ನನ್ನ ಕಡೆ ನೋಡಿದಳು.

"ಅಲ್ಲೇ ನಿಂತು ಏನ ನೋಡಾಕತ್ತೀರಿ? ಸಾಲಿಗೆ ಹೊತ್ತಾತು. ಇಳದ ಬಂದು ಗಾಡಿ ಎತ್ರಿ."

ಗಾಡಿ ಎತ್ತಿದೆವು. ನೂಕಿದರೆ ಮುಂದಿನ ಗಾಲಿ ಅಲುಗಲಿಲ್ಲ. ಟ್ರ್ಯಾಕ್ಟರಿನವನು ನೋಡದೆಯೇ ರೋಗ ಕಂಡುಹಿಡಿದ: "ಕಂಪನಿ ಫಾಲ್ಟ್ ಐತ್ರಿ ಇದು. ಹೊಸಾ ಗಾಡಿ ಎಲ್ಲಾ ಹಿಂಗ." ನನ್ನ ಹೆಂಡತಿ ಮಾತ್ರ ಕುಕ್ಕರುಗಾಲಿನಲ್ಲಿ ಕೂತು ಗಾಲಿಯ ನಡುವೆ ಬೆರಳು ಹಾಕಿದಳು. ಆಮೇಲೆ ನಕ್ಕಳು. ಅವಳು ಬಿದ್ದದ್ದಕ್ಕಿಂತ ಆ ನಗೆಗೇ ನನಗೆ ಹೆಚ್ಚು ಹೆದರಿಕೆಯಾಯಿತು.

ದೊಡ್ಡಪ್ಪನ ದಾರ ಸ್ಪೋಕಿಗೆ ಸಿಕ್ಕು, ಅಚ್ಚಿಗೆ ಸುತ್ತಿ, ಶಾಕಪ್ಪನ್ನೂ ಗಾಲಿಯನ್ನೂ ಒಂದಕ್ಕೊಂದು ಬಿಗಿದು ಕೂತಿತ್ತು. ಸಾಧಾರಣ ದಾರವಾಗಿದ್ದರೆ ಅರ್ಧ ಸುತ್ತಿನಲ್ಲಿ ಹರಿದು, ಗಾಳಿಗೆ ಹಾರಿ, ಕತೆ ಮುಗಿಯುತ್ತಿತ್ತು. ಟ್ರ್ಯಾಕ್ಟರಿನವನು ಕುಡುಗೋಲು ತಂದು ಕೊಯ್ದ, ಮತ್ತೆ ಕೊಯ್ದ, ಬೆವರು ಒರೆಸಿಕೊಂಡ. "ಬಾಯಾರ, ಗಾಡಿ ಓಡಿ ಹೋದೀತಂತ ಕಟ್ಟಿ ಹಾಕಿದ್ರೇನ್ರಿ?"

ದಾರ ಕಡಿದ ಮೇಲೆ ಗಾಲಿ ಹಗುರವಾಗಿ ತಿರುಗಿತು. ಅವಳು ಬ್ರೇಕು ಹಿಡಿದು ನೋಡಿದಳು, ಬಗ್ಗಿದ ಕ್ಲಚ್ಚನ್ನು ಒತ್ತಿ ನೋಡಿದಳು. ಬಟನ್ ಒತ್ತಿದಳು. ಒಂದೇ ಸಲಕ್ಕೆ ಶುರುವಾಯಿತು. ಕೊಯ್ದ ದಾರದ ಗಂಟನ್ನು ಬೇಳೆ ಸೋರುವ ಚೀಲದಲ್ಲಿ ಹಾಕಿಕೊಂಡು, ನಾನು ಬೇಡ ಬೇಡ ಎನ್ನುತ್ತಿದ್ದಂತೆ ಆಚೆ ದಂಡೆ ಹತ್ತಿ ಶಾಲೆಗೆ ಹೋದಳು. ಗೋಡೆಯ ಮೇಲೆ ಮಕ್ಕಳು ಕೂತಿದ್ದರಂತೆ.

ನನ್ನ ಕೈಗೆ ಗಾಡಿ ಶುರು ಮಾಡುವುದು ಹೇಗೆಂದು ನೆನಪಾಗಲು ಬಹಳ ಹೊತ್ತು ಹಿಡಿಯಿತು. ದಾಳಿಂಬೆಯ ಚುಕ್ಕೆಗೆ ಯಾವ ಔಷಧ ಹೇಳಿದೆನೋ ತಿಳಿಯದು. ಗಿಡಗಳು ಬದುಕಿವೆ, ನನ್ನ ಓದಿನ ಸಹಾಯವಿಲ್ಲದೆ.

ಸಂಜೆ ಮನೆಯ ಪಡಸಾಲೆಯಲ್ಲಿ ನ್ಯಾಯ ಕೂತಿತು. ಟ್ರ್ಯಾಕ್ಟರಿನವನ ಬಾಯಿಂದ ಸುದ್ದಿ ನಮಗಿಂತ ಮೊದಲೇ ಉಮದಿ ಮುಟ್ಟಿತ್ತು. ಅದರಲ್ಲಿ ಗಾಡಿ ತಾನಾಗಿಯೇ ಮುಗ್ಗರಿಸಿತ್ತು. ಕಾಕಾ ಮೊದಲೇ ಬಂದು ಗೋಡೆಗೆ ಒರಗುವ ಜಾಗ ಹಿಡಿದಿದ್ದರು.

"ಮಾರಿ ಬಿಡು, ತಮ್ಮಾ," ಎಂದರು. "ಒಮ್ಮಿ ಕೆಡವಿದ ಗಾಡಿ ಮತ್ತ ಕೆಡವತೈತಿ. ನಂಬಿಕಿ ಹೋತು. ಯಾರೂ ತಗೋಳೂದಿಲ್ಲ ಖರೆ. ನಮ್ಮ ತಂಗಿ ಮಗಾ ಒಬ್ಬ ಅದಾನ, ಹೇಳಿ ನೋಡತೀನಿ. ಪಾಪ, ಬಂದಷ್ಟಕ್ಕ ತಗೊಂಡಾನು."

ನಂಬಿಕೆಗೆ ಬಾರದ ಗಾಡಿಗೆ ತಂಗಿಯ ಮಗನನ್ನು ಬಲಿ ಕೊಡಲು ಸಿದ್ಧವಾದ ಆ ದೊಡ್ಡ ಮನಸ್ಸಿಗೆ ಅವ್ವ ಚಹಾ ಕೊಟ್ಟಳು. ಕೊಡುತ್ತ ಕಣ್ಣೊರೆಸಿಕೊಂಡಳು. "ಗಾಡೀನೂ ಬ್ಯಾಡ, ಆ ಸಾಲೀನೂ ಬ್ಯಾಡ. ಬದಲಿ ಮಾಡಿಸ್ಕೋ. ಇಲ್ಲಾಂದ್ರ ಬಿಟ್ಟ ಬಿಡು. ಜೀವ ಇದ್ರ ನೌಕರಿ."

ಎಲ್ಲರೂ ನನ್ನ ಕಡೆ ನೋಡಿದರು. ಪ್ರತ್ಯಕ್ಷ ಸಾಕ್ಷಿ ನಾನು. ಬಾಯಿ ತೆರೆದೆ. ಟಯರು ಬರುತ್ತಿತ್ತು. ಮುಚ್ಚಿದೆ. ಒಳಗೊಳಗೆ ನಾನೂ ಅವ್ವನ ಮಾತಿಗೇ ತಲೆ ತೂಗುತ್ತಿದ್ದೆ. ಅವಳು ಇನ್ನು ಮನೆಯಲ್ಲೇ ಇರಲಿ, ನೆಲದ ಮೇಲೆ, ಗಾಲಿ ಇಲ್ಲದ ಯಾವುದಾದರೂ ವಸ್ತುವಿನ ಮೇಲೆ ಕೂತಿರಲಿ ಎನಿಸುತ್ತಿತ್ತು.

ನನ್ನ ಹೆಂಡತಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಳು. ಚೀಲದಿಂದ ಆ ಗಂಟನ್ನು ತೆಗೆದು ಕಾಕಾನ ಚಹಾದ ಬಸಿಯ ಪಕ್ಕದಲ್ಲಿ ಇಟ್ಟಳು. ಕವಡೆ ಒಡೆದಿತ್ತು. ಉಣ್ಣೆಗೆ ಗ್ರೀಸು ಮೆತ್ತಿ, ಬೇಳೆ ಮೆತ್ತಿ, ಸತ್ತ ಹೆಗ್ಗಣದಂತೆ ಕಾಣುತ್ತಿತ್ತು.

"ಗಾಲ್ಯಾಗ ಇದು ಸುತ್ತಿತ್ತು," ಎಂದಳು. "ಗಾಡಿ ಕೆಡವಿಲ್ಲ. ಇದು ಕೆಡವೇತಿ."

ದೊಡ್ಡಪ್ಪ ಗಂಟನ್ನು ಕೈಗೆತ್ತಿಕೊಂಡ. ಅವನ ಕಣ್ಣಲ್ಲಿ ನೀರು ಬರುತ್ತದೆ, ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಅವನು ಅದನ್ನು ಬಿಡಿಸಿದ, ಬೆಳಕಿಗೆ ಹಿಡಿದ, ಎರಡೂ ಕೈಯಿಂದ ಜಗ್ಗಿದ. ಮುಖ ಅರಳಿತು.

"ನೋಡ್ರಿ," ಎಂದ. "ಕೊಯ್ದಲ್ಲಿ ಬಿಟ್ರ ಎಲ್ಲ್ಯೂ ಹರದಿಲ್ಲ."

ಎಲ್ಲರ ಕೈಗೂ ಒಂದು ಸುತ್ತು ದಾಟಿಸಿದ. ಕಾಕಾ ಕೂಡ ಜಗ್ಗಿ ನೋಡಿ ತಲೆದೂಗಿದರು. ಹಿಂದೆಯೇ ದೊಡ್ಡಪ್ಪನ ತೀರ್ಪು ಬಂತು: ಬಂದ ಗಂಡಾಂತರ ದಾರದ ಮೇಲೆ ಹೋಯಿತು, ದಾರ ಇತ್ತು, ಅದಕ್ಕೇ ಟಯರು ಗೇಣು ದೂರದಲ್ಲಿ ನಿಂತಿತು, ಆದ್ದರಿಂದ ಇನ್ನೂ ದಪ್ಪನೆಯದು ಬೇಕು. ಸೊಂಟದ ಚೀಲದಿಂದ ಹೊಸ ಉಂಡೆ ಹೊರಬಂತು. ಅವ್ವ ಕೈ ಮುಗಿದಳು.

ನನ್ನ ಬಿಎಸ್ಸಿಯಲ್ಲಿ ಇದಕ್ಕೆ ಪಾಠವಿರಲಿಲ್ಲ. ದಾರ ಬಿಗಿದರೂ ಗೆಲ್ಲುತ್ತದೆ, ಕೊಯ್ದರೂ ಗೆಲ್ಲುತ್ತದೆ. ಗಾಡಿ ಮಾತ್ರ ದೀಪ ಹತ್ತಿಸಿದರೆ ಸಾಕು, ಸೋತಿತು.

ನನ್ನ ಹೆಂಡತಿ ಶಾಲೆಯಲ್ಲಿ ಹಟಮಾರಿ ಮಕ್ಕಳನ್ನು ನೋಡಿದವಳು. ಅವಳು ವಾದಿಸಲಿಲ್ಲ. "ಕಟ್ರಿ ಮಾವಾರ," ಎಂದಳು. "ಆದ್ರ ಗಾಡಿಗೆ ಬ್ಯಾಡ. ದೃಷ್ಟಿ ಹತ್ತಿದವರಿಗೆ ಕಟ್ಟಬೇಕಲ್ಲರಿ? ಗಾಡಿ ಬಟನ್ ಒತ್ತಿದ ಕೂಡಲೇ ಎದ್ದೈತಿ. ನಾ ಎದ್ದ ಸಾಲಿಗೆ ಹೋಗೀನಿ. ಇವರ ನೋಡ್ರಿ. ಮುಂಜಾನಿಂದ ಬಾಯಾಗ ಮಾತಿಲ್ಲ, ಕೈ ನಡಗಾಕತ್ತಾವ. ಹತ್ತಿದ್ದು ಇವರಿಗೆ."

ದೊಡ್ಡಪ್ಪ ನನ್ನ ಕಡೆ ತಿರುಗಿದ. ಕುರಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡುವವನ ಹಾಗೆ ನನ್ನ ಮುಖ ನೋಡಿದ. ಚಹಾದ ಬಸಿ ನನ್ನ ಕೈಯಲ್ಲಿ ಟಕಟಕ ಎನ್ನುತ್ತಿತ್ತು.

"ಖರೆ ಐತಿ," ಎಂದ. "ಕಾಲ ಚಾಚೋ ತಮ್ಮಾ."

ಚಾಚಿದೆ. ಎಡಗಾಲಿಗೆ, ಹರಡಿನ ಮೇಲೆ, ಕವಡೆ ಮತ್ತು ಗೊಂಡೆ ಸಮೇತ. ಕಾಕಾನ ತಂಗಿಯ ಮಗ ಇನ್ನೂ ವಡಾಪ ಜೀಪಿನಲ್ಲೇ ಓಡಾಡುತ್ತಾನೆ.

ಅದಾದ ಮೇಲೆ ಗಾಡಿಯ ದೀಪ ಹತ್ತಿಲ್ಲ. ಗಿರಾಕಿಗಳು ಈಗಲೂ ಕೇಳುತ್ತಾರೆ, ಬಾಯಾರ ಗಾಡಿ ಹೆಂಗೈತ್ರಿ, ನಂಬಬಹುದೇನು? ಅದರಲ್ಲಿ ಕೈ ಕೊಡದೆ ಕೊನೆಯ ತನಕ ನಿಂತ ವಸ್ತು ಯಾವುದೆಂದು ನನಗೆ ಗೊತ್ತಿದೆ, ಅದು ಈಗ ನನ್ನ ಕಾಲಲ್ಲಿದೆ. ಚಲೋ ಐತಿ ಎನ್ನುತ್ತೇನೆ.

ಕೆಲವು ಬೆಳಿಗ್ಗೆ ಏನಾದರೂ ನೆವ ಮಾಡಿ ಅವಳ ಹಿಂದೆ ಹೊರಡುತ್ತೇನೆ, ಆ ಇಳಿಜಾರು ಅವಳು ದಾಟುವುದನ್ನು ನೋಡುವ ತನಕ. ಅವಳಿಗೆ ಗೊತ್ತು. ಬೇಡ ಎನ್ನುವುದಿಲ್ಲ. ಎತ್ತರದ ಗಾಡಿಯನ್ನು ಹತ್ತಿ, ಶುರು ಮಾಡಿ, ಹೊರಡುವ ಮೊದಲು ಒಮ್ಮೆ ತಿರುಗಿ ನನ್ನ ಕಾಲಿನ ಕಡೆ ನೋಡುತ್ತಾಳೆ.

"ಗೊಂಡೆ ಕಾಲಚೀಲದಾಗ ತುರಕ್ರಿ. ನಿಮ್ಮ ಗಾಡಿ ಚೇನಿಗೆ ಸಿಕ್ಕೀತು."